1963–64ರ ಪ್ರಿಸಿಷನ್ ಬೇಸ್: ನಾದಕ್ಕೆ ಒಪ್ಪಿಗೆ, ಸೀರಿಯಲ್ ನಂಬರಿಗೆ ಅನುಮಾನ

ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗಳನ್ನು ಸಂಗ್ರಹಿಸುವವರಲ್ಲಿ 1963–64ರ ಫೆಂಡರ್ ಪ್ರಿಸಿಷನ್ ಬೇಸ್‌ಗೆ ಇರುವ ಮರ್ಯಾದೆ ಅರ್ಧ ಅದರ ನಾದದಿಂದ ಬಂದದ್ದು, ಇನ್ನರ್ಧ ಒಂದು ತಾರೀಖಿನಿಂದ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದರು. ಅದಕ್ಕೆ ಮೊದಲು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಕಾರ್ಖಾನೆಯಿಂದ ಹೊರಬಿದ್ದ ವಾದ್ಯಗಳೆಲ್ಲ ‘ಪ್ರಿ-ಸಿಬಿಎಸ್’ ಎಂಬ ಹಣೆಪಟ್ಟಿ ಹೊತ್ತು ಬೇರೆಯೇ ದರಕ್ಕೆ ಕೈ ಬದಲಾಯಿಸುತ್ತವೆ. ಮಾರಾಟವಾದ ಮರುದಿನವೇ ಅಲ್ಲಿನ ಮರವಾಗಲಿ ಯಂತ್ರಗಳಾಗಲಿ ಬದಲಾಗಲಿಲ್ಲವಾದ್ದರಿಂದ, 1965ರ ಆರಂಭದ ವಾದ್ಯವನ್ನು ಆ ಒಂದೇ ಕಾರಣಕ್ಕೆ ಕೀಳಾಗಿ ಕಾಣುವುದು ನನಗೆ ಸರಿಯೆನಿಸುವುದಿಲ್ಲ. ಆದರೂ ಮಾರುಕಟ್ಟೆ ಈ ಗೆರೆಯನ್ನು ಎಳೆದಾಗಿದೆ, ಸುಳ್ಳು ಹೇಳುವವರಿಗೂ ಆ ಗೆರೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತು.

ಮೊದಲು ವಾದ್ಯದ ಗುಣ. 1951ರಲ್ಲಿ ಬಂದ ಈ ಮಾದರಿ 1957ರಲ್ಲಿ ಈಗಿನ ರೂಪ ಪಡೆಯಿತು: 34 ಇಂಚಿನ ತಂತಿಯಳತೆ, 20 ಫ್ರೆಟ್‌ಗಳು (ಬೆರಳುಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳು), ಎರಡು ತುಂಡಾಗಿ ಒಡೆದ ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಒಂದು ವಾಲ್ಯೂಮ್ ಮತ್ತು ಒಂದು ಟೋನ್ ಗುಬುಟು. ಪಿಕಪ್‌ನ ಒಂದೊಂದು ತುಂಡು ಎರಡೆರಡು ತಂತಿಗಳನ್ನು ನೋಡಿಕೊಳ್ಳುತ್ತದೆ. ಎರಡರ ಸುರುಳಿಯ ದಿಕ್ಕೂ ಅಯಸ್ಕಾಂತಗಳ ಧ್ರುವವೂ ಪರಸ್ಪರ ವಿರುದ್ಧವಾಗಿರುವುದರಿಂದ ವಿದ್ಯುತ್ತಿನ ಗುಂಯ್‌ಗುಡುವಿಕೆ ಅಲ್ಲಲ್ಲೇ ರದ್ದಾಗುತ್ತದೆ. ಫಲವಾಗಿ ಸಿಗುವುದು ಕೆಳ-ಮಧ್ಯಮ ಸ್ತರದಲ್ಲಿ ತುಂಬಿಕೊಂಡ, ಡ್ರಮ್ಮಿನ ಜೊತೆ ಜಗಳವಾಡದೆ ಮೇಳದ ನಡುವೆ ತನ್ನ ಜಾಗ ತಾನೇ ಹುಡುಕಿಕೊಳ್ಳುವ ನಾದ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ಗೆ ಫ್ಲಾಟ್‌ವೂಂಡ್ (ನುಣುಪು ಮೇಲ್ಮೈಯ) ತಂತಿ ಹಾಕಿ, ದೇಹದ ಮೇಲೆ ತಂತಿಗಳನ್ನು ಹೊತ್ತ ಬ್ರಿಜ್ಜಿನ ಮುಚ್ಚಳದಡಿಯ ಸ್ಪಂಜನ್ನು ಕೀಳದೆ ನುಡಿಸುತ್ತಿದ್ದುದನ್ನು ಬಲ್ಲವರಿಗೆ ಈ ನಾದದ ಪರಿಚಯ ಬೇಕಿಲ್ಲ. ಹೊಸ ತಂತಿ ಹಾಕಿ, ಟೋನ್ ಪೂರ್ತಿ ತೆರೆದು, ಹೊಳಪನ್ನು ಹುಡುಕುವವರಿಗೆ 1960ರಲ್ಲಿ ಬಂದ ಜಾಝ್ ಬೇಸ್ ಹೆಚ್ಚು ಒಗ್ಗೀತು.

ಕುಂದುಗಳೂ ಇವೆ. ನೆಕ್ಕಿನ, ಅಂದರೆ ವಾದ್ಯದ ಕುತ್ತಿಗೆಯ, ಬಾಗನ್ನು ಸರಿಪಡಿಸುವ ಟ್ರಸ್ ರಾಡ್ ಸರಳಿನ ತಿರುಪು ಅದರ ಬುಡದಲ್ಲಿರುವುದರಿಂದ ಸಣ್ಣ ಹೊಂದಾಣಿಕೆಗೂ ಹಲವು ಬಾರಿ ನೆಕ್ ಬಿಚ್ಚಬೇಕಾಗುತ್ತದೆ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ಟಿನ ಆಸುಪಾಸು ಸ್ವರ ಬೇಗ ಆರಿಹೋಗುವುದು ಈ ವಿನ್ಯಾಸಕ್ಕೆ ಅಂಟಿದ ದೋಷ. ಅದು ಇದೆಯೆಂದು ವಾದ್ಯವನ್ನು ತಿರಸ್ಕರಿಸಬೇಕಿಲ್ಲ, ಇಲ್ಲವೆನ್ನುವ ಮಾರಾಟಗಾರನ ಮಾತನ್ನು ನಂಬಲೂಬೇಕಿಲ್ಲ. ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ಸುಮಾರು ಒಂದೂಮುಕ್ಕಾಲು ಇಂಚು ಅಗಲವಿರುವ ನೆಕ್ ಸಣ್ಣ ಕೈಗಳಿಗೆ ದಣಿವು ತರುತ್ತದೆ.

ಗುರುತಿಸುವ ವಿಚಾರಕ್ಕೆ ಬಂದರೆ, ಎಲ್ಲರೂ ಮೊದಲು ನೋಡುವುದು ಬೆನ್ನಿನ ಲೋಹದ ಪಟ್ಟಿಯ ಮೇಲಿನ ಸೀರಿಯಲ್ ನಂಬರನ್ನು. ಎಲ್ ಅಕ್ಷರದಿಂದ ಶುರುವಾಗುವ ನಂಬರು ಈ ಅವಧಿಗೆ ಹೊಂದುತ್ತದೆ, ನಿಜ. ಆದರೆ ನಾಲ್ಕು ತಿರುಪು ಬಿಚ್ಚಿದರೆ ಕಳಚಿ ಬರುವ ಪಟ್ಟಿಯೊಂದು ಇಡೀ ವಾದ್ಯದ ಪರವಾಗಿ ಸಾಕ್ಷಿ ಹೇಳಲಾರದು. ಕಾರ್ಖಾನೆಯಲ್ಲೇ ಈ ಪಟ್ಟಿಗಳನ್ನು ಕ್ರಮ ಬಿಟ್ಟು ಎತ್ತಿಕೊಳ್ಳುತ್ತಿದ್ದರು. ಹೆಚ್ಚಿನ ತೂಕ ಸಲ್ಲಬೇಕಾದದ್ದು ನೆಕ್ಕಿನ ಬುಡದ ಮುದ್ರೆಗೆ. 1962ರಿಂದ ಅಲ್ಲಿ ಪೆನ್ಸಿಲ್ ಬರಹದ ಬದಲು ಶಾಯಿಯ ಮುದ್ರೆ ಕಾಣಿಸಿಕೊಳ್ಳುತ್ತದೆ: ಮೊದಲು ಮಾದರಿಯನ್ನು ಸೂಚಿಸುವ ಅಂಕಿ, ಪ್ರಿಸಿಷನ್‌ಗಾದರೆ 5, ನಂತರ ತಿಂಗಳು ಮತ್ತು ವರ್ಷ, ಕೊನೆಗೆ ನಟ್ಟಿನ ಅಗಲ ತಿಳಿಸುವ ಅಕ್ಷರ. ಸಿ ಎಂದರೆ ಮೇಲೆ ಹೇಳಿದ ಒಂದೂಮುಕ್ಕಾಲು ಇಂಚು. ಸಿ ಎಂದಿದ್ದು ನೆಕ್ ಮಾತ್ರ ಜಾಝ್ ಬೇಸ್‌ನಷ್ಟು ಕಿರಿದಾಗಿದ್ದರೆ ಮುದ್ರೆಯೋ ಮರವೋ ಎರಡರಲ್ಲೊಂದು ಸುಳ್ಳು. ಬೆರಳುಹಲಗೆ ರೋಸ್‌ವುಡ್ಡಿನದು, 1962ರ ನಡುವಿನವರೆಗೆ ಅದು ಚಪ್ಪಟೆ ತಳದ ದಪ್ಪ ಹಲಗೆಯಾಗಿತ್ತು, ಬಳಿಕ ಮೇಪಲ್ಲಿನ ಉಬ್ಬಿಗೆ ಬಾಗಿಸಿ ಅಂಟಿಸಿದ ತೆಳುಪದರವಾಯಿತು. ನೆಕ್ಕಿನ ತುದಿಯನ್ನು ಅಡ್ಡಲಾಗಿ ನೋಡಿದರೆ ಈ ಬಾಗು ಕಣ್ಣಿಗೆ ಬೀಳುತ್ತದೆ. ‘63’ ಎಂದು ಕೂಗಿ ಮಾರುವ ವಾದ್ಯದಲ್ಲಿ ಆ ಜೋಡಣೆಯ ಗೆರೆ ನೇರವಾಗಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ದೇಹದ ಮುಂಭಾಗದ ರಕ್ಷಣಾ ಹಲಗೆಯಾದ ಪಿಕ್‌ಗಾರ್ಡ್ ಎತ್ತಿದಾಗ, ಗುಬುಟುಗಳಡಿಯ ಪೊಟೆನ್ಶಿಯೋಮೀಟರುಗಳ ಬೆನ್ನಿನ ಅಂಕಿಗಳು ಸಿಗುತ್ತವೆ. ಮೊದಲ ಮೂರು ಅಂಕಿ ತಯಾರಕರ ಗುರುತು: 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದರೆ ಸಿಟಿಎಸ್. ಅದರ ಮುಂದಿನ ಅಂಕಿಗಳು ವರ್ಷ ಮತ್ತು ವಾರ. 3046320 ಎಂದಿದ್ದರೆ ಆ ಬಿಡಿಭಾಗ 1963ರ ಇಪ್ಪತ್ತನೇ ವಾರದ್ದು. ಇದು ವಾದ್ಯ ಅದಕ್ಕಿಂತ ಹಳೆಯದಲ್ಲ ಎಂಬುದನ್ನಷ್ಟೇ ಸಾಧಿಸುತ್ತದೆ, ಅದೂ ಬೆಸುಗೆಯನ್ನು ಯಾರೂ ಮುಟ್ಟಿರದಿದ್ದರೆ. ಅಂಕಿಗಿಂತ ಬೆಸುಗೆಯನ್ನೇ ಹೆಚ್ಚು ಹೊತ್ತು ನೋಡುವುದು ಜಾಣತನ: ಹಳೆಯ ಬೆಸುಗೆ ಮಂಕಾಗಿರುತ್ತದೆ, ಬಟ್ಟೆಹೊದಿಕೆಯ ತಂತಿಗಳಿಗೆ ಎಳೆದು ಜೋಡಿಸಿದ ಗುರುತಿರುವುದಿಲ್ಲ. ಪಿಕಪ್‌ನ ತಳಹಲಗೆ 1964ರಲ್ಲಿ ಕಪ್ಪಿನಿಂದ ಬೂದುಬಣ್ಣಕ್ಕೆ ತಿರುಗಿತೆಂಬುದೂ ಉಪಯುಕ್ತ ಸುಳಿವು.

ಅತಿ ಹೆಚ್ಚು ಮೋಸ ನಡೆಯುವುದು ಬಣ್ಣದಲ್ಲಿ. ಆ ಕಾಲದಲ್ಲಿ ದೇಹಕ್ಕೆ ಸಣ್ಣ ಮೊಳೆಗಳನ್ನು ಹೊಡೆದು, ಅವುಗಳ ಮೇಲೆ ನಿಲ್ಲಿಸಿ ಬಣ್ಣ ಒಣಗಿಸುತ್ತಿದ್ದರು. ಮೊಳೆ ಕಿತ್ತ ತೂತಿನೊಳಗೆ ಬರಿಯ ಮರ ಕಾಣಬೇಕು. ತೂತಿನೊಳಗೂ ಬಣ್ಣ ಇಳಿದಿದ್ದರೆ ವಾದ್ಯಕ್ಕೆ ಮರುಬಣ್ಣ ಬಳಿಯಲಾಗಿದೆ. ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆ ನೇರಳಾತೀತ ದೀಪದಡಿ ಹಳದಿ-ಹಸಿರಾಗಿ ಮಿನುಗುವುದರಿಂದ ತೇಪೆಗಳು ಕತ್ತಲಕೋಣೆಯಲ್ಲಿ ತಾವಾಗಿಯೇ ಬಯಲಾಗುತ್ತವೆ. 1982ರಿಂದ ಇದೇ ಕಂಪನಿ ಹಳೆಯ ಮಾದರಿಗಳ ಮರುಸೃಷ್ಟಿಗಳನ್ನು ಮಾರುತ್ತಿದೆ, ಅವೂ ಈಗ ಸವೆದು ಹಳತಾಗಿವೆ. ಅವುಗಳ ಬಿಡಿಭಾಗ ಅಸಲಿ ದೇಹವನ್ನು ಹೊಕ್ಕಿರುವ ಸಾಧ್ಯತೆಯನ್ನು ಮರೆಯಬಾರದು.

ಮರುಬಣ್ಣ ಬಳಿದ ವಾದ್ಯದ ಬೆಲೆ ಸಾಮಾನ್ಯವಾಗಿ ಅಸಲಿಯ ಅರ್ಧದಷ್ಟಕ್ಕೆ ಕುಸಿಯುತ್ತದೆ, ನುಡಿಸಲೆಂದು ಕೊಳ್ಳುವವರಿಗೆ ಲಾಭವಿರುವುದು ಅಲ್ಲಿಯೇ. ನೆಕ್, ಪಿಕಪ್, ವೈರಿಂಗ್ ಅಸಲಿಯಾಗಿದ್ದು ಬಣ್ಣ ಮಾತ್ರ ಹೊಸದಾದ 1964ರ ಪ್ರಿಸಿಷನ್‌ಗೆ ನನ್ನ ಶಿಫಾರಸು. ಗಾಜಿನ ಕಪಾಟಿನಲ್ಲಿಡುವವರು ಮಾತ್ರ ಪೂರ್ಣ ಅಸಲಿಯ ಹೆಚ್ಚುವರಿ ಹಣ ತೆರಲಿ. ಎರಡರಲ್ಲಿ ಯಾವುದನ್ನೇ ಆಗಲಿ ವಿದೇಶದಿಂದ ತರಿಸುವ ಮುನ್ನ ಬೆರಳುಹಲಗೆಯ ಮರವನ್ನು ವಿಚಾರಿಸಿಕೊಳ್ಳಬೇಕು: ಆ ವರ್ಷಗಳಲ್ಲಿ ಬಳಸುತ್ತಿದ್ದುದು ಬಹುಮಟ್ಟಿಗೆ ಬ್ರೆಜಿಲಿಯನ್ ರೋಸ್‌ವುಡ್. 1992ರಿಂದ ಅದು ಅಳಿವಿನಂಚಿನ ಜೀವಿ-ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವುದರಿಂದ, ಸರಿಯಾದ ಪ್ರಮಾಣಪತ್ರವಿಲ್ಲದ ವಾದ್ಯವನ್ನು ಗಡಿಯಲ್ಲಿ ಮುಟ್ಟುಗೋಲು ಹಾಕಿಕೊಳ್ಳಬಹುದು, ಆ ಪತ್ರ ಮಾಡಿಸಿಕೊಡುವ ಹೊಣೆ ಯಾರದೆಂದು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.