ಎರೆ ನೆಲದ ಮೇಲಿನ ಡಾಂಬರು ಟ್ಯಾಂಕಿಗೆ ಫೋಮ್ ಗ್ಲಾಸ್ ಬ್ಲಾಕ್: ಹಾಕಬಹುದೇ?

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಟ್ಯಾಂಕು ಕೂರಿಸುವವರಿಗೆ ಮೊದಲ ತಲೆನೋವು ಎರೆ ಮಣ್ಣು. 150 ಡಿಗ್ರಿಯ ಡಾಂಬರು ಮೇಲಿದ್ದರೆ ತಳದ ಮಣ್ಣು ಒಣಗಿ ಕುಗ್ಗುತ್ತದೆ, ಟ್ಯಾಂಕಿನ ತಳ ಅಲ್ಲಲ್ಲಿ ಪೊಳ್ಳಾಗಿ ಕುಸಿಯುತ್ತದೆ. ಸ್ಯಾಡಲ್ (ನೆಲದಿಂದ ಎತ್ತರಿಸಿದ ಆಧಾರ) ಮೇಲೆ ಮಲಗಿಸಿದ ಸಣ್ಣ ಟ್ಯಾಂಕಿಗೆ ಈ ಚಿಂತೆ ಇಲ್ಲ. ಇದು ನೆಲಕ್ಕೇ ಕೂರುವ ಟ್ಯಾಂಕಿನ ಮಾತು.

ಫೋಮ್ ಗ್ಲಾಸ್ ಅಂದರೆ ಒಳಗೆಲ್ಲ ಮುಚ್ಚಿದ ಗುಳ್ಳೆಗಳಿರುವ ಗಾಜಿನ ಹಗುರ ಬ್ಲಾಕು. ಒಣ ಉಸುಕಿಗಿಂತ ಅದು ಐದಾರು ಪಟ್ಟು ಚೆನ್ನಾಗಿ ಶಾಖ ತಡೆಯುತ್ತದೆ, ನೀರು ಹೀರುವುದಿಲ್ಲ. ಉಸುಕಿನ ದೋಷ ಇರುವುದೇ ಅಲ್ಲಿ: ಒದ್ದೆಯಾದರೆ ಶಾಖವನ್ನು ನೇರ ಕೆಳಗೆ ಇಳಿಸುತ್ತದೆ. ತಾಳಿಕೆಗೂ ಕೊರತೆಯಿಲ್ಲ. ಹತ್ತು ಮೀಟರ್ ಡಾಂಬರಿನ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 0.1 ನ್ಯೂಟನ್. ಸಾಧಾರಣ ದರ್ಜೆಯ ಬ್ಲಾಕೇ 0.6 ತಡೆಯುತ್ತದೆ. ಗೋಡೆಯ ಭಾರ ಬೀಳುವ ಅಂಚಿಗೆ ಮಾತ್ರ ಮೇಲ್ದರ್ಜೆಯದು ಬೇಕು.

ಬ್ಲಾಕು ಹಾಳಾಗುವುದು ಭಾರಕ್ಕಲ್ಲ, ಉಜ್ಜಾಟಕ್ಕೆ. 20 ಮೀಟರ್ ವ್ಯಾಸದ ಉಕ್ಕಿನ ತಳದ ಬಿಸಿ 120 ಡಿಗ್ರಿಯಷ್ಟು ಏರಿದರೆ ಅದು ಸುಮಾರು 29 ಮಿಲಿಮೀಟರ್ ಹಿಗ್ಗುತ್ತದೆ. ಪ್ಲೇಟು ನೇರ ಬ್ಲಾಕಿನ ಮೇಲೆ ಸರಿದರೆ ಗಾಜು ಪುಡಿಯಾಗುತ್ತದೆ. ಹಾಗಾಗಿ ನಡುವೆ 50 ಮಿಲಿಮೀಟರ್ ಒಣ, ಉಪ್ಪಿಲ್ಲದ ಉಸುಕು ಹಾಸಿ. ಬ್ಲಾಕುಗಳನ್ನು ಸಮತಟ್ಟಾದ ಕಾಂಕ್ರೀಟ್ ಮೇಲೆ, ಸಂದು ಒಂದರ ಮೇಲೊಂದು ಬಾರದಂತೆ ಎರಡು ಪದರ ಜೋಡಿಸಿ. ಸಂದಿಗೆ ಡಾಂಬರು ಬಳಿಯುವ ಚಾಳಿ ಇಲ್ಲಿ ಬೇಡ, ಈ ಬಿಸಿಗೆ ಅದು ಕರಗಿ ಹರಿಯುತ್ತದೆ. ಹಾಸಿದ ಮೇಲೆ ಪ್ಲೈವುಡ್ ಹಾಕದೆ ಯಾರನ್ನೂ ನಡೆಯಲು ಬಿಡಬೇಡಿ.

ಮಾಲು ಬಂದಾಗ ಒಂದು ತುಂಡು ತೂಗಿ, ನೀರಲ್ಲಿ ಮುಳುಗಿಸಿಟ್ಟು ಮೈ ಒರೆಸಿ ಮತ್ತೆ ತೂಗಿ. ತೂಕ ಗಣನೀಯವಾಗಿ ಏರಿದರೆ ವಾಪಸ್ ಕಳಿಸಿ. ಮುರಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಗುಳ್ಳೆಯೊಳಗಿನ ಗಾಳಿಯೇ ಹಾಗೆ.

ಮಾರುವವರು ಹೇಳದ ಮಾತು ಒಂದಿದೆ. ಬ್ಲಾಕು ಶಾಖವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ವರ್ಷವಿಡೀ ಕಾಯುವ ಅಗಲ ಟ್ಯಾಂಕಿನ ನಡುಭಾಗದ ಶಾಖಕ್ಕೆ ಪಕ್ಕಕ್ಕೆ ದಾರಿಯಿಲ್ಲ, ಕೆಳಗಿನ ನೆಲವೂ ಕ್ರಮೇಣ ಕಾದೇ ಕಾಯುತ್ತದೆ. ಎರೆ ಮಣ್ಣು ತೆಗೆದು ಗರಸು ತುಂಬಿ ಗಟ್ಟಿ ಮಾಡುವ ಖರ್ಚು ಇದರಿಂದ ಉಳಿಯದು. ದೊಡ್ಡ ಟ್ಯಾಂಕಿಗಾದರೆ ಕಾಂಕ್ರೀಟಿನಲ್ಲಿ ಗಾಳಿಯಾಡುವ ಪೈಪುಗಳನ್ನೂ ಹಾಯಿಸಬೇಕು.

60–70 ಡಿಗ್ರಿಯ ಫರ್ನೆಸ್ ಆಯಿಲ್ (ಕುಲುಮೆ, ಬಾಯ್ಲರಿಗೆ ಉರಿಸುವ ಎಣ್ಣೆ) ಟ್ಯಾಂಕಿಗೆ ಫೋಮ್ ಗ್ಲಾಸ್ ದುಂದು. ಗಟ್ಟಿ ಗರಸು, ಖಡಿ, ಒಣ ಉಸುಕು ಸಾಕು. ಡಾಂಬರು ಬೆರೆಸಿದ ಉಸುಕಿನ ಪದರ ಮಾತ್ರ ಅಲ್ಲೂ ಬೇಡ: ರಸ್ತೆಗೆ ಬಳಸುವ ವಿಜಿ-30 ದರ್ಜೆಯ ಡಾಂಬರು 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.