ಮರಳಿನ ರಾಜಕುಮಾರ, ಸಿಡುಕಿನ ರಾಜಕುಮಾರ

ಡಿಸ್ಕೌಂಟ್ ಇತ್ತೆಂದು ಎರಡು ಕಂಪ್ಯೂಟರ್ ಗೇಮ್‌ಗಳನ್ನು ಒಟ್ಟಿಗೆ ಕೊಂಡೆ. 2003ರ 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ಮತ್ತು ಅದರ ಮುಂದಿನ ಭಾಗ, 2004ರ 'ವಾರಿಯರ್ ವಿದಿನ್'. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೊದಲನೆಯದಕ್ಕೆ. ಎರಡನೆಯದು ಎರಡು ವಾರದ ರಾತ್ರಿಗಳನ್ನು ನುಂಗಿ ಕೊನೆಗೆ ಕೈಗೆ ಚಿಪ್ಪು ಕೊಟ್ಟಿತು.

ಮೊದಲ ಭಾಗದಲ್ಲಿ ಕಥೆ ಹೇಳುವವನು ರಾಜಕುಮಾರನೇ. ನಾವು ಕಾಲು ಜಾರಿ ಬಿದ್ದು ಸತ್ತರೆ, ಹೀಗಲ್ಲ ನಡೆದದ್ದು ಎಂದು ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತಾನೆ. ಬಿದ್ದವನು ನಾನು, ಬಾಯಿ ತಪ್ಪಿದ್ದು ಅವನದು! ಅದಕ್ಕೇ ಒಂದೇ ಗೋಡೆಯಿಂದ ಹತ್ತು ಸಲ ಬಿದ್ದರೂ ಸಿಟ್ಟು ಬರುವುದಿಲ್ಲ. ಜೊತೆಗೆ ರಾಜಕುಮಾರಿ ಫರಾ ಇದ್ದಾಳೆ. ಅವಳು ಗೋಡೆಯ ಬಿರುಕಿನಲ್ಲಿ ನುಸುಳಿ ಆ ಕಡೆ ಹೋಗುತ್ತಾಳೆ, ಇವನು ಕಂಬಿಗೆ ಜೋತುಬಿದ್ದು ಗೊಣಗುತ್ತಾನೆ. ಇಬ್ಬರ ಕೀಟಲೆ ಕೇಳುತ್ತಾ ಹೋದರೆ ಅರಮನೆ ಖಾಲಿ ಅನಿಸುವುದೇ ಇಲ್ಲ.

ಎರಡನೆಯದರಲ್ಲಿ ಏಳು ವರ್ಷ ಕಳೆದಿದೆ. ಕಾಲವನ್ನೇ ಹಿಂದಕ್ಕೆ ತಿರುಗಿಸುವ ಮಾಯದ ಮರಳು, ಅದೇ ಕಾಲದ ಮರಳನ್ನು ಹೊರಬಿಟ್ಟ ರಾಜಕುಮಾರ ಸಾಯಬೇಕಿತ್ತು, ಸತ್ತಿಲ್ಲ. ಹಾಗಾಗಿ ದಹಾಕಾ ಎಂಬ ಕಪ್ಪು ಭೂತ ಬೆನ್ನು ಹತ್ತಿದೆ. ಪಾಪ, ನಿದ್ದೆಗೆಟ್ಟವನು ಸಿಡುಕುವುದು ಸಹಜ ಅನ್ನೋಣ. ಆದರೆ ದನಿ ಕೊಟ್ಟ ನಟನೂ ಬೇರೆ, ಬಾಯಿ ಬಿಟ್ಟರೆ ಜಂಬ ಇಲ್ಲವೇ ಬೈಗುಳ. ಹಿಂದೆ ಮೆಟಲ್ ಗಿಟಾರ್ ಅಬ್ಬರ. ಎಲ್ಲ ಮಲಗಿದ ಮೇಲೆ ಒಂದು ಗಂಟೆ ಆಡುವವನು ನಾನು. ಸೌಂಡ್ ಪೂರ್ತಿ ತಗ್ಗಿಸಿಯೇ ಆಡಿದೆ.

ಫೈಟಿಂಗ್ ಮಾತ್ರ ಎರಡನೆಯದರಲ್ಲೇ ಚೆನ್ನ, ಇದರಲ್ಲಿ ವಾದವೇ ಇಲ್ಲ. ಬಿದ್ದ ಆಯುಧ ಎತ್ತಿಕೊಂಡು ಎರಡು ಕೈಯಲ್ಲೂ ಬೀಸಬಹುದು, ಬೇಡವಾದರೆ ಎಸೆಯಬಹುದು. ಮೊದಲನೆಯದರಲ್ಲಿ ಶತ್ರುವಿನ ತಲೆ ಮೇಲೆ ಹಾರು, ಬೀಳಿಸು, ಕಠಾರಿ ಚುಚ್ಚು, ಮತ್ತೆ ಅದೇ. ಚುಚ್ಚದಿದ್ದರೆ ಎದ್ದು ಬರುತ್ತಾರೆ. ಆ ಲಿಫ್ಟ್ ಒಳಗಿನ ಫೈಟ್ ನೆನೆಸಿಕೊಂಡರೆ ಇವತ್ತಿಗೂ ಬೆರಳು ನೋಯುತ್ತದೆ.

ದಹಾಕಾ ಅಟ್ಟಿಸಿಕೊಂಡು ಬರುವ ಓಟಗಳಂತೂ ಭರ್ಜರಿ. ಅದು ನೀರು ದಾಟಲಾರದು. ನೀರಿನ ಪರದೆ ಕಂಡಾಗ ಬಿಡುವ ಉಸಿರೇ ಬೇರೆ.

ಈಗ ನನ್ನ ಹೊಟ್ಟೆಯುರಿ. ಎರಡರಲ್ಲೂ ಲೈಫ್, ಅಂದರೆ ಪೆಟ್ಟು ತಿಂದು ತಾಳುವ ಶಕ್ತಿ, ಹೆಚ್ಚಿಸುವ ಗುಟ್ಟಿನ ಜಾಗಗಳಿವೆ. ಮೊದಲನೆಯದರಲ್ಲಿ ಹತ್ತು. ಯಾವುದೋ ಸಂದಿಯಲ್ಲಿ ನುಗ್ಗಿದರೆ ಕನಸಿನಂಥ ಕತ್ತಲು, ತೂಗುವ ಸೇತುವೆಗಳು, ಕೊನೆಯಲ್ಲೊಂದು ಕಾರಂಜಿ. ನೀರು ಕುಡಿದು ತಿರುಗಿದರೆ ಬಂದ ದಾರಿಯೇ ಮಾಯ, ಬರೀ ಗೋಡೆ. ಇಂಥದ್ದು ನಾಲ್ಕು ತಪ್ಪಿಸಿಕೊಂಡರೂ ಕಥೆಗೆ ಏನೂ ಆಗುವುದಿಲ್ಲ.

ಎರಡನೆಯದರಲ್ಲಿ ಒಂಬತ್ತು. ಪ್ರತಿಯೊಂದಕ್ಕೂ ಗರಗಸ, ಮುಳ್ಳುಗಳ ಓಣಿ ದಾಟಬೇಕು. ಲೈಫ್ ಸಾಕಷ್ಟಿದೆ, ಸುಮ್ನೆ ಯಾಕೆ ಅಂತ ಒಂದನ್ನು ಬಿಟ್ಟೆ. ಎಂಟು ಸಿಕ್ಕಿತ್ತು. ಕೊನೆಗೆ ಕಾಲದ ಸಾಮ್ರಾಜ್ಞಿ ಕೈಲೀನಾ ಜೊತೆ ಕಾದಾಡಿ, ಗೆದ್ದು, ಎಂಡಿಂಗ್ ನೋಡಿದೆ. ಆಮೇಲೆ ಗೊತ್ತಾಯಿತು, ಒಂಬತ್ತೂ ಸಿಕ್ಕಿದ್ದರೆ ಮಾತ್ರ ನೀರಿನ ಕತ್ತಿ ಸಿಗುತ್ತದಂತೆ. ಅದಿದ್ದರೆ ಕೊನೆಯ ಫೈಟ್ ಅವಳ ಜೊತೆಗಲ್ಲ, ದಹಾಕಾ ಜೊತೆ. ಅಸಲಿ ಎಂಡಿಂಗ್ ಅದೇ! ನನಗಂತೂ ಇದರ ಸುಳಿವು ಆಟದಲ್ಲಿ ಎಲ್ಲೂ ಕಂಡಿರಲಿಲ್ಲ.

ಆಟದ ಮಧ್ಯೆ ಉಳಿಸಿಟ್ಟ ಹಳೆಯ ಸೇವ್‌ನಿಂದ ಮತ್ತೆ ಆಡಬಹುದಿತ್ತಲ್ವಾ ಅಂತೀರಿ. ಒಂದೇ ಸೇವ್ ಇಟ್ಟುಕೊಂಡು ಅದರ ಮೇಲೇ ಬರೆಯುವ ಚಾಳಿ ನನ್ನದು. ಅದು ನನ್ನ ತಪ್ಪೇ, ಒಪ್ಪುತ್ತೇನೆ. ಆದರೂ ಲೈಫ್ ಬಾರ್ ಉದ್ದ ಮಾಡುವ ಒಂದು ವಸ್ತುವಿಗೆ ಇಡೀ ಕಥೆಯ ಕೊನೆಯನ್ನು ಕಟ್ಟಿಹಾಕುವುದು ಯಾವ ನ್ಯಾಯ?

ಒಂದಕ್ಕಷ್ಟೇ ದುಡ್ಡಿದ್ದರೆ ಮೊದಲನೆಯದು ಕೊಳ್ಳಿ. ನನ್ನ ಹಾಗೆ ದಿನಕ್ಕೊಂದು ಗಂಟೆ ಆಡುವವರಿಗಂತೂ ಅದೇ ಸರಿ. ಫೈಟಿಂಗ್ ಹುಚ್ಚು ಜಾಸ್ತಿ ಇದ್ದರೆ ಎರಡನೆಯದು. ಆದರೆ ಕೀಬೋರ್ಡ್ ಪಕ್ಕ ಒಂದು ಚೀಟಿ ಇಟ್ಟುಕೊಂಡು ಒಂಬತ್ತಕ್ಕೂ ಗೀಟು ಹಾಕುತ್ತಾ ಹೋಗಿ.

2005ರ ಮೂರನೆಯ ಭಾಗವನ್ನು ನಾನಿನ್ನೂ ಕೊಂಡಿಲ್ಲ. ಅದು ಶುರುವಾಗುವಾಗ ಕೈಲೀನಾ ರಾಜಕುಮಾರನ ಜೊತೆ ಹಡಗಿನಲ್ಲಿರುತ್ತಾಳೆ. ನಾನು ಅವಳನ್ನು ಕೊಂದು ಬಂದಿದ್ದೇನೆ.