ಬೆಳವಕ್ಕೆ ಹೊಸ ಜೊತೆ: ಒಂದೇ ಗೂಡೋ, ಪಕ್ಕದ ಗೂಡೋ?

ಸಂಗಾತಿ ಸತ್ತ ಸಾಕು ಬೆಳವಕ್ಕೆ ಹೊಸ ಹೆಣ್ಣು ತಂದ ದಿನವೇ ಒಂದೇ ಗೂಡಿಗೆ ಬಿಡುವವರಿದ್ದಾರೆ. ಖರ್ಚಿಲ್ಲ, ಜಾಗವೂ ಉಳಿಯುತ್ತದೆ. ಆದರೆ ಆ ಗೂಡು ಹಳೆಯ ಹಕ್ಕಿಯ ಸ್ವಂತ ಆಸ್ತಿ. ಮಡಿಕೇರಿಯ ನಮ್ಮ ಮನೆಯಲ್ಲಿ ಹೀಗೆ ಬಿಟ್ಟಾಗ, ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಗಂಡು ಹೊಸ ಹೆಣ್ಣಿನ ನೆತ್ತಿಯ ಪುಕ್ಕ ಕಿತ್ತು ರಕ್ತ ಬರಿಸಿತ್ತು. ಶಾಂತಿಯ ಸಂಕೇತವಂತೆ!

ಎರಡನೆಯ ದಾರಿ ನಿಧಾನದ್ದು. ರೋಗದ ಭಯಕ್ಕೆ ಮೊದಲು 30 ದಿನ ಬೇರೆ ಕೋಣೆ, ಆಮೇಲೆ ಒಂದೆರಡು ವಾರ ಅಕ್ಕಪಕ್ಕದ ಗೂಡು. ಗಂಡು ತಲೆ ಬಾಗಿಸಿ ಗುಟುರುತ್ತದೆ. ಹೆಣ್ಣು ಹೆದರದೆ ಸರಳಿಗೆ ಒತ್ತಿ ಕೂರುತ್ತದೆ. ಆಗ ಎರಡನ್ನೂ ಯಾರದ್ದೂ ಅಲ್ಲದ ಮೂರನೆಯ ಗೂಡಿಗೆ, ಎರಡು ಕಾಳಿನ ಬಟ್ಟಲಿಟ್ಟು, ಬೆಳಗಿನ ಹೊತ್ತು ಬಿಡಿ, ದಿನವಿಡೀ ಕಣ್ಣಿಡಬಹುದು. ತುಸು ಅಟ್ಟಾಡಿಸುವುದು ಸಹಜ, ನೆತ್ತಿ ಕುಕ್ಕಿದರೆ ಮಾತ್ರ ಬೇರೆ ಮಾಡಿ.

ನಮ್ಮ ಮಳೆಗಾಲದಲ್ಲಿ ಜಗಲಿಯಲ್ಲಿ ಎರಚಲು, ಥಂಡಿ. ಎರಡು ಗೂಡಿಗೆ ಒಳಗೆ ಜಾಗವಿಲ್ಲದಿದ್ದರೆ ದೊಡ್ಡ ಗೂಡೊಂದಕ್ಕೆ ನಡುವೆ ಜಾಲರಿ ಹಾಕಿ. ನನ್ನ ಆಯ್ಕೆ ಈ ನಿಧಾನದ ದಾರಿಯೇ.

ಗಂಡು ಹೆಣ್ಣು ನೋಟಕ್ಕೆ ಒಂದೇ ತರಹ. ಖಾತ್ರಿಗೆ ಡಿಎನ್‌ಎ ಪರೀಕ್ಷೆ ಬೇಕು. ಗೂಡಿನಲ್ಲಿ ಎರಡರ ಬದಲು ನಾಲ್ಕು ಮೊಟ್ಟೆ ಕಂಡರೆ ಎರಡೂ ಹೆಣ್ಣೇ ಇರಬೇಕು. ತೋಟದ ಕಾಡು ಬೆಳವವನ್ನು ಹಿಡಿದು ಜೊತೆ ಮಾಡುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.